ಹಾಲುಹಲ್ಲು

ಜನಕ್ಕಿಂತ ದನ ಹೆಚ್ಚಿರುವ ದ್ವೀಪ ನಮ್ಮದು.
ಮಂಜು ಸರಿದರೆ ಮೊದಲು ಕಾಣುವುದು ಒಂದು ಮೂತಿ,
ಆಮೇಲೆ ಬೇಲಿಯ ನೀಲಿ ಹೂ,
ಕಡೆಗೆ ಕಡಲು.
ಅತ್ತೆ ಜೆಸುಯಿನಾ ನಲವತ್ತು ವರ್ಷ
ಸಾಂವ್ ಜೊರ್ಜಿನ ಚೀಸಿನ ಗಾಲಿಗಳನ್ನು ಮಗುಚಿ ಮಗುಚಿ
ಅಂಗೈಯ ಗೆರೆಗಳನ್ನೇ ಕಳಕೊಂಡವಳು.

ಆ ಅಂಗೈ ಮೊಮ್ಮಗಳ ಕೆನ್ನೆ ಸವರಿತು, ಒಂದೇ ಸಲ.
ಐದು ಬೆರಳೂ ಕೆಂಪಗೆ ಎದ್ದವು
ಹೊಡೆದ ಹಾಗೆ.

ಅದಕ್ಕೂ ಮುಂಚೆ ಬಾಟಲಿ. ಐದನೆಯ ತಿಂಗಳು, ಎರಡು ಗುಟುಕು.
ತುಟಿ ಊದಿತು, ಎದೆಯಲ್ಲಿ ಸಿಳ್ಳೆ.
ಅದೆಲಿನು ಹಾಲಿನ ವ್ಯಾನನ್ನೇ ಓಡಿಸಿದ
ಬೆಟ್ಟ ಇಳಿದು ಆರೋಗ್ಯ ಕೇಂದ್ರಕ್ಕೆ,
ಹಿಂದೆ ಖಾಲಿ ಕ್ಯಾನುಗಳು ಬಡಬಡ ಬಡಿದುಕೊಳ್ಳುತ್ತ.
ಹಾಲು ಕುಡಿದವರೇ ಉಳಿಯದಿದ್ದರೆ ವಿಷ ಕುಡಿದವರು ಉಳಿದಾರೆಯೆ ಎನ್ನುತ್ತಾರಲ್ಲ,
ನಮ್ಮ ಮನೆಯಲ್ಲಿ ಎರಡೂ ಒಂದೇ ಪಾತ್ರೆಯಲ್ಲಿದ್ದವು.

"ಹೆಚ್ಚಿನ ಮಕ್ಕಳಿಗೆ ತಾನಾಗಿ ಹೋಗುತ್ತದೆ,"
ಅಂದರು ಅಂಗ್ರಾದ ಡಾಕ್ಟರು.
"ಯಾವಾಗ ಅಂತ ಮಾತ್ರ ಕೇಳಬೇಡಿ."
ಕೇಳಿದೆ. ವರ್ಷವರ್ಷವೂ ಕೇಳಿದೆ.

ವರ್ಷಕ್ಕೊಂದು ಹಡಗು, ಒಂದು ಸೂಜಿ, ಒಂದು ಅಂಕಿ.
ಹದಿನೆಂಟು.
ಮರುವರ್ಷ ಇಪ್ಪತ್ತಮೂರು; ಆ ರಾತ್ರಿ ಯಾರೂ ಉಣ್ಣಲಿಲ್ಲ.
ಆಮೇಲೆ ಹನ್ನೊಂದು.
ಬಾಗಿಲ ಚೌಕಟ್ಟಿನಲ್ಲಿ ಅವಳ ಎತ್ತರದ ಪಕ್ಕಕ್ಕೇ ಬರೆದಿಟ್ಟೆ,
ಒಂದು ಏರಲಿ, ಇನ್ನೊಂದು ಇಳಿಯಲಿ ಎಂದು
ಪೆನ್ಸಿಲಿಗೆ ಹರಕೆ ಹೊತ್ತು.

ಪವಿತ್ರಾತ್ಮದ ಹಬ್ಬದಲ್ಲಿ ಬೀದಿಗೆಲ್ಲ ಸಿಹಿ ರೊಟ್ಟಿ ಹಂಚುತ್ತಾರೆ.
ಬೇಡ ಎಂದರೆ ಅವಮಾನ.
ಇರಿಯಾ ಕೈಗವಸು ತೊಟ್ಟು ಇಸಕೊಳ್ಳುವಳು,
ನಮಸ್ಕಾರ ಹೇಳುವಳು,
ಮೂಲೆ ತಿರುಗಿದ ಮೇಲೆ ನಾಯಿಗೆ ಹಾಕುವಳು.
ಮೂರು ವರ್ಷಕ್ಕೇ ಎಷ್ಟು ಮರ್ಯಾದೆ!

ನಾಲ್ಕಕ್ಕೆ ಡಾಕ್ಟರು ಅಂದರು: ಒಲೆಯಲ್ಲಿ ಚೆನ್ನಾಗಿ ಬೆಂದ ಹಾಲಿಗೆ
ಅಷ್ಟು ಸಿಟ್ಟಿರುವುದಿಲ್ಲ, ನೋಡೋಣ.
ಆಸ್ಪತ್ರೆಯ ಹಾಸಿಗೆಯಲ್ಲಿ ಒಂದು ಪುಟ್ಟ ಕೇಕು.
ಚೂರು. ಕಾದೆವು. ಇನ್ನೊಂದು ಚೂರು. ಅರ್ಧ. ಕಾದೆವು.
ಏನೂ ಆಗದಿರುವುದು ಆಗುತ್ತಿತ್ತು,
ಎರಡು ಗಂಟೆ ಅದನ್ನೇ ನೋಡುತ್ತ ಕೂತೆ.

ಪಕ್ಕದ ಹಾಸಿಗೆಯಲ್ಲಿ ತೆಲ್ಮು. ಹದಿಮೂರು, ದನಿ ಒಡೆಯುತ್ತಿದೆ.
ಅವನ ಅಂಕಿ ಅರವತ್ತರ ಕೆಳಗೆ ಇಳಿದದ್ದೇ ಇಲ್ಲ.
ಅವಳಿಗೆ ಇಸ್ಪೀಟು ಕಲಿಸಿದ, ಬೇಕೆಂದೇ ಸೋತ.
"ನಿಂದು ಹೋಗುತ್ತೆ ಬಿಡು," ಅಂದ
ಎಲೆಗಳನ್ನು ಕಲಸುತ್ತ, ತಲೆ ಎತ್ತದೆ.

ಹೋಗಲಿಲ್ಲ, ಅಷ್ಟು ಸುಲಭಕ್ಕೆ.
ಐದಕ್ಕೆ ಎರಡು ಚಮಚ ಮೊಸರು; ಕತ್ತಿನ ತುಂಬ ದದ್ದು,
ನನ್ನ ಲಂಗದ ಮೇಲೆ ವಾಂತಿ.
ಮತ್ತೆ ಕೇಕಿಗೆ ಇಳಿದೆವು. ಮತ್ತೆ ಬಿಸ್ಕತ್ತಿಗೆ.
ಏಣಿ ಎಂದಮೇಲೆ ಇಳಿಯಲಿಕ್ಕೂ ಅದೇ ಮೆಟ್ಟಿಲು.

ಏಳು ತುಂಬಿದ ಚಳಿಗಾಲ, ಗಾಜಿನ ಲೋಟ, ತುಂಬ ಹಾಲು.
ಕುಡಿದಳು. ಮೇಲ್ದುಟಿಗೆ ಬಿಳಿ ಮೀಸೆ.
ನಾನೂ ಅದೆಲಿನೂ ಉಸಿರು ಬಿಟ್ಟಿರಲಿಲ್ಲ.
"ಇದೇನಾ?" ಅಂದಳು. "ದನದ ವಾಸನೆ."
ಇಂದಿಗೂ ಮುಟ್ಟುವುದಿಲ್ಲ, ಬರಿಯ ಇಷ್ಟವಿಲ್ಲದ್ದಕ್ಕೆ.
ಇಷ್ಟವಿಲ್ಲ!
ಎಂಥ ಶ್ರೀಮಂತ ಮಾತು ಅದು ನಮ್ಮ ಮನೆಯಲ್ಲಿ.

ಅದೇ ವಾರ ಮುಂದಿನ ಹಾಲುಹಲ್ಲು ಬಿತ್ತು.
ರಕ್ತದಲ್ಲಿ ಅಂಕಿ ಇನ್ನೂ ಎರಡು. ಸೊನ್ನೆ ಆಗಲಿಲ್ಲ,
ಆಗಬೇಕೆಂದೂ ಇಲ್ಲವಂತೆ.
ಇಂಜೆಕ್ಷನ್ ಪೆನ್ನು ನನ್ನ ಚೀಲದಲ್ಲೇ ಇದೆ, ಹೊಸ ತಾರೀಖಿನದು.

ಅತ್ತೆ ಇಂದಿಗೂ ಮೊಣಕೈತನಕ ಸೋಪು ಹಚ್ಚಿ ತೊಳೆದು
ಒಳಗೆ ಬಂದು, ಕೈ ಚಾಚಿ, ಅಲ್ಲೇ ನಿಲ್ಲುತ್ತಾಳೆ.
ಮೈ ಮರೆತದ್ದನ್ನು ಕೈ ಮರೆಯುವುದಿಲ್ಲ.
ನಿನ್ನೆ ಇರಿಯಾ ಆ ಕೈ ಎಳೆದು ಕೆನ್ನೆಗೆ ಒತ್ತಿಕೊಂಡಳು:
"ಎಣಿಸು ವೊವೊ."
ಹಲ್ಲಿಲ್ಲದ ಬಾಯಲ್ಲಿ ಅವಳೂ ಎಣಿಸಿದಳು, ನೂರರವರೆಗೆ.
ನಾನು ಒಲೆಯ ಬಳಿ ನಿಂತು
ಇನ್ನೂರರವರೆಗೆ.